ಸೇವೆಗೆ ಹೋದವನ ಋಣ

ಪರೋಪಕಾರಕ್ಕೆಂದು ಕಡಲು ದಾಟಿ ಹೋದವನು ಹೋದಂತೆಯೇ ಮರಳಿ ಬರುವುದಿಲ್ಲವೆಂಬ ಮಾತು ಲೋಕದಲ್ಲಿ ರೂಢಿಯಾಗಿದೆ. ಅನಾಥ ಮಕ್ಕಳ ನಡುವೆ, ರೋಗಿಗಳ ನಡುವೆ, ಯುದ್ಧದಿಂದಲೋ ಭೂಕಂಪದಿಂದಲೋ ಮನೆಮಾರು ಕಳೆದುಕೊಂಡವರ ನಡುವೆ ಕೆಲವು ಕಾಲ ಇದ್ದು ಬಂದವರು, ತಮ್ಮ ಜೀವನದೃಷ್ಟಿಯೇ ಬದಲಾಯಿತೆಂದು ಹೇಳುತ್ತಾರೆ. ಅವರು ಸುಳ್ಳಾಡುತ್ತಾರೆಂದು ಯಾರೂ ಹೇಳಲಾರರು. ಆದರೆ ಒಂದು ಪ್ರಶ್ನೆಯನ್ನು ಕೇಳಿಕೊಳ್ಳದೆ ಈ ಮಾತನ್ನು ಒಪ್ಪಿಬಿಡುವುದು ಸರಿಯಲ್ಲ. ಸೇವೆ ಪಡೆದವನ ಹಸಿವು ಇದ್ದಂತೆಯೇ ಇದ್ದು, ಸೇವೆ ಮಾಡಿದವನ ದೃಷ್ಟಿ ಮಾತ್ರ ಬದಲಾದರೆ, ಆ ವ್ಯವಹಾರದಲ್ಲಿ ಲಾಭ ಯಾರಿಗಾಯಿತು? ಕೊಟ್ಟವನು ಯಾರು, ಪಡೆದವನು ಯಾರು?

ಇದು ನಮಗೆ ಸಂಬಂಧಿಸದ ಪ್ರಶ್ನೆಯೆಂದು ವಾಚಕರು ಭಾವಿಸಬಾರದು. ಮಠದ ಪ್ರಸಾದನಿಲಯಗಳಲ್ಲಿ ಉಂಡು ಓದಿದವರ ಮಕ್ಕಳು, ಮೊಮ್ಮಕ್ಕಳು ಇಂದು ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಗಳಲ್ಲಿ ನೆಲೆಸಿದ್ದಾರೆ. ಅಲ್ಲಿಯ ವಿದ್ಯಾರ್ಥಿಗಳು ರಜೆಯಲ್ಲಿ ಮೂರು ವಾರ, ನಾಲ್ಕು ವಾರ ಬಡ ದೇಶವೊಂದಕ್ಕೆ ಸ್ವಯಂಸೇವೆಗೆ ಹೋಗುವುದು ಈಗ ಸಾಮಾನ್ಯವಾಗಿದೆ. ಕಾಲೇಜು ಪ್ರವೇಶದ ಅರ್ಜಿಯಲ್ಲಿ ಅದಕ್ಕೊಂದು ಬೆಲೆಯೂ ಉಂಟು. ಮೊಮ್ಮಗಳು ನೇಪಾಳಕ್ಕೋ ಕಾಂಬೋಡಿಯಕ್ಕೋ ಹೋಗುತ್ತೇನೆಂದಾಗ ಊರಿನಲ್ಲಿರುವ ಅಜ್ಜ ಹಿಗ್ಗುವುದು ಸಹಜ. ದಾಸೋಹದ ಸಂಸ್ಕಾರ ಉಳಿದಿದೆಯಲ್ಲಾ ಎಂಬ ಸಮಾಧಾನ ಅವರದು. ಆ ಹಿಗ್ಗನ್ನು ಕುಗ್ಗಿಸುವುದು ಈ ಲೇಖನದ ಉದ್ದೇಶವಲ್ಲ. ಅದನ್ನು ತುಸು ಪರೀಕ್ಷಿಸಿ ನೋಡುವುದಷ್ಟೇ.

ಹೋಗಿಬಂದವರು ಹೇಳುವ ಮಾತುಗಳಲ್ಲಿ ಎರಡು ಮತ್ತೆ ಮತ್ತೆ ಕೇಳಿಬರುತ್ತವೆ. ದೇವರು ನನಗೆಷ್ಟು ಕೊಟ್ಟಿದ್ದಾನೆಂಬುದು ಅಲ್ಲಿ ಹೋದ ಮೇಲೆ ತಿಳಿಯಿತು ಎಂಬುದೊಂದು. ಅವರಿಗೆ ಏನೂ ಇಲ್ಲದಿದ್ದರೂ ಎಷ್ಟು ಸಂತೋಷವಾಗಿದ್ದಾರೆ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ವಿನಯದ ಛಾಯೆಯಿದೆ, ನಿಜ. ಆದರೆ ತನ್ನ ತಟ್ಟೆ ತುಂಬಿದೆಯೆಂದು ತಿಳಿಯಲು ಮತ್ತೊಬ್ಬನ ಬರಿದಾದ ತಟ್ಟೆ ಕನ್ನಡಿಯಾಗಬೇಕೆ? ಎರಡನೆಯದಂತೂ ಇನ್ನೂ ಅಪಾಯಕಾರಿ. ಅತಿಥಿಯ ಮುಂದೆ ನಗುವುದು ಬಡವನ ಮನೆಯ ಮರ್ಯಾದೆ. ಅದನ್ನೇ ಸಂತೋಷವೆಂದು ಬಗೆದು ಮನಸ್ಸು ಹಗುರ ಮಾಡಿಕೊಂಡು ವಿಮಾನ ಹತ್ತಿದವನ ದೃಷ್ಟಿ ಬದಲಾಗಿಲ್ಲ. ಹಳೆಯ ದೃಷ್ಟಿಗೆ ಹೊಸ ಸಾಕ್ಷ್ಯ ದೊರೆತಿದೆ, ಅಷ್ಟೆ.

ಹಾಗಾದರೆ ನಿಜವಾದ ಬದಲಾವಣೆ ಎಂಥದು? ಒಂದು ಜೀವನವನ್ನು ಮುಂದಿಟ್ಟುಕೊಂಡು ನೋಡೋಣ.

1937ರಲ್ಲಿ ಜಪಾನು ಚೀನದ ಮೇಲೆ ದೊಡ್ಡ ಪ್ರಮಾಣದ ಆಕ್ರಮಣವನ್ನು ಆರಂಭಿಸಿತು. ಚೀನದ ಸೇನಾನಿ ಜು ದೆ ವೈದ್ಯಕೀಯ ನೆರವು ಬೇಡಿ ಜವಾಹರಲಾಲ ನೆಹರೂ ಅವರಿಗೆ ಪತ್ರ ಬರೆದರು. ಆಗ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು 1938ರಲ್ಲಿ ಜನತೆಗೆ ಕರೆ ಕೊಟ್ಟು ನಿಧಿ ಕೂಡಿಸಿದರು. ಸ್ವತಃ ಪರರ ಆಳ್ವಿಕೆಯಲ್ಲಿದ್ದ ಬಡ ದೇಶವೊಂದು, ಆಕ್ರಮಣಕ್ಕೆ ತುತ್ತಾದ ಇನ್ನೊಂದು ಬಡ ದೇಶಕ್ಕೆ ಐವರು ವೈದ್ಯರನ್ನು ಕಳುಹಿಸಿತು. ಅಲಹಾಬಾದಿನ ಡಾ. ಅಟಲ್ ಮುಖಂಡರು, ನಾಗಪುರದ ಡಾ. ಚೋಳಕರ್, ಕಲ್ಕತ್ತೆಯ ಡಾ. ಬಸು ಮತ್ತು ಡಾ. ಮುಖರ್ಜಿ, ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನೀಸ್. ಕೋಟ್ನೀಸರಿಗೆ ಆಗ ಇಪ್ಪತ್ತೆಂಟು ತುಂಬಿರಲಿಲ್ಲ. ಮುಂಬಯಿಯಲ್ಲಿ ವೈದ್ಯವಿದ್ಯೆ ಕಲಿತು ಸ್ನಾತಕೋತ್ತರ ವ್ಯಾಸಂಗಕ್ಕೆ ತೊಡಗಿದ್ದ ಮಧ್ಯಮ ವರ್ಗದ ಮರಾಠಿ ಮನೆತನದ ತರುಣ. 1938ರ ಸೆಪ್ಟೆಂಬರಿನಲ್ಲಿ ಈ ಐವರೂ ಮುಂಬಯಿಯಲ್ಲಿ ಹಡಗು ಹತ್ತಿದರು.

ಸೊಲ್ಲಾಪುರವೆಂದರೆ ನಮ್ಮ ಓದುಗರಿಗೆ ಬೇರೆ ಪರಿಚಯ ಬೇಕಿಲ್ಲ. ಅದು ಸಿದ್ಧರಾಮೇಶ್ವರರ ಸೊನ್ನಲಿಗೆ. ಆ ಊರಿನ ಹೆಸರು ಈ ವಿಷಯದಲ್ಲಿ ಇನ್ನೊಮ್ಮೆ ಬರಲಿದೆ.

ಕೋಟ್ನೀಸರು 1939ರ ಫೆಬ್ರುವರಿಯಲ್ಲಿ ಯೆನಾನ್ ಮುಟ್ಟಿದರು. ಅಲ್ಲಿ ಜನ ಹಳದಿ ಮಣ್ಣಿನ ಗುಡ್ಡಗಳನ್ನು ಕೊರೆದ ಗುಹೆಗಳಲ್ಲಿ ವಾಸವಾಗಿದ್ದರು, ಆಸ್ಪತ್ರೆಯೂ ಗುಹೆಗಳಲ್ಲಿಯೇ. ನಿತ್ಯದ ಊಟ ನವಣೆ. ವೈದ್ಯರಿಗೆಲ್ಲ ಚೀನೀ ಹೆಸರುಗಳನ್ನು ಇಡಲಾಗಿತ್ತು. ಕೋಟ್ನೀಸರು ಅಲ್ಲಿ 'ಕೆ ದಿಹ್ವಾ' ಆದರು. ಜೊತೆಯವರು ಒಬ್ಬೊಬ್ಬರಾಗಿ ಸ್ವದೇಶಕ್ಕೆ ಮರಳಿದರು. ಊರಿನಿಂದ ತಂದೆಯ ಮರಣದ ವಾರ್ತೆ ಬಂದಿತು; ಮಗ ಹೊರಡಲಿಲ್ಲ. 1940ರಲ್ಲಿ ಶತ್ರುವಿನ ಸಾಲುಗಳಾಚೆಯ ಬೆಟ್ಟಗಾಡಿನ ರಣರಂಗಕ್ಕೆ ಹೋಗಿ, ಒಂದು ಕದನದಲ್ಲಿ ಮೂರು ದಿನ ನಿದ್ದೆಯಿಲ್ಲದೆ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರೆಂದು ಅವರ ಜೀವನ ಬರೆದವರು ಹೇಳುತ್ತಾರೆ. ಅದೇ ನೆಲದಲ್ಲಿ ಕೆನಡಾದ ವೈದ್ಯ ನಾರ್ಮನ್ ಬೆಥೂನ್, ಶಸ್ತ್ರಚಿಕಿತ್ಸೆಯ ವೇಳೆ ಬೆರಳಿಗಾದ ಗಾಯ ನಂಜೇರಿ 1939ರ ನವೆಂಬರಿನಲ್ಲಿ ತೀರಿಕೊಂಡಿದ್ದರು. ಅವರ ಹೆಸರಿನಲ್ಲಿ ಸ್ಥಾಪನೆಯಾದ ಆಸ್ಪತ್ರೆಗೆ 1941ರಲ್ಲಿ ಕೋಟ್ನೀಸರು ಮುಖ್ಯಸ್ಥರಾದರು. ಚೀನೀ ಭಾಷೆಯಲ್ಲಿಯೇ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಅದೇ ವರ್ಷ ಆ ಆಸ್ಪತ್ರೆಯ ಶುಶ್ರೂಷಾ ಶಿಕ್ಷಕಿ ಗುವೊ ಛಿಂಗ್‌ಲಾನ್ ಅವರನ್ನು ವರಿಸಿದರು. 1942ರ ಆಗಸ್ಟಿನಲ್ಲಿ ಹುಟ್ಟಿದ ಮಗನಿಗೆ 'ಯಿನ್‌ಹ್ವಾ' ಎಂದು ಹೆಸರಿಟ್ಟರು. 'ಯಿನ್' ಎಂದರೆ ಭಾರತ, 'ಹ್ವಾ' ಎಂದರೆ ಚೀನ. ಆ ವರ್ಷದ ಡಿಸೆಂಬರ್ 9ರಂದು ಮೂರ್ಛೆರೋಗದಿಂದ ಕೋಟ್ನೀಸರು ತೀರಿಕೊಂಡರು. ವಯಸ್ಸು ಮೂವತ್ತೆರಡು.

ಅವರು ಕೊನೆಯ ವರ್ಷದಲ್ಲಿ ಚೀನದ ಕಮ್ಯುನಿಸ್ಟ್ ಪಕ್ಷವನ್ನು ಸೇರಿದರೆಂಬುದನ್ನೂ ಮರೆಮಾಚದೆ ಹೇಳಬೇಕು. ಆ ತತ್ತ್ವವನ್ನು ಒಪ್ಪುವುದು ಬಿಡುವುದು ಬೇರೆ ಮಾತು. 1962ರ ಯುದ್ಧವನ್ನು ಕಂಡ ಹಿರಿಯರಿಗೆ ಚೀನವೆಂಬ ಶಬ್ದವೇ ಕಹಿಯಾಗಿದ್ದರೆ ಆಶ್ಚರ್ಯವಿಲ್ಲ. ಆದರೆ ಗುಂಡು ಹೊಕ್ಕ ತೊಡೆಯನ್ನು ಹಿಡಿದುಕೊಂಡು ನರಳುವ ರೈತನ ಮಗನ ಮುಂದೆ ಕುಳಿತ ವೈದ್ಯನನ್ನು ಆ ಕಹಿಯಿಂದ ಅಳೆಯಲಾಗದು.

ಗಮನಿಸಬೇಕಾದದ್ದು ಇದು. ಕೋಟ್ನೀಸರು ಹೊರಟಾಗ ವೈದ್ಯರು, ಉಪಕಾರಕ್ಕೆ ಹೋಗುವವರು. ಅಲ್ಲಿ ಮುಟ್ಟಿದ ಮೇಲೆ ಮಾತು ಬಾರದ ಮನುಷ್ಯ. ನೋವು ಎಲ್ಲಿದೆ ಎಂದು ಕೇಳಲು ರೋಗಿಯ ಮಾತನ್ನೇ ರೋಗಿಯಿಂದಲೇ ಕಲಿಯಬೇಕು. ತಪ್ಪು ಉಚ್ಚರಿಸಿದರೆ ಹಾಸಿಗೆಯ ಮೇಲಿನ ಗಾಯಾಳು ನಕ್ಕು ತಿದ್ದುವನು. ನವಣೆ ಬೇಯಿಸಿ ಇಡುವವರು ಆ ಹಳ್ಳಿಯವರು; ಶತ್ರುಸೈನ್ಯ ಬಂದಾಗ ಯಾವ ದಾರಿಯಿಂದ ಬೆಟ್ಟ ಹತ್ತಬೇಕೆಂದು ಬಲ್ಲವರೂ ಅವರೇ. ಕೈಯಲ್ಲಿದ್ದ ಒಂದು ವಿದ್ಯೆಯನ್ನು ಬಿಟ್ಟರೆ ಉಳಿದುದಕ್ಕೆಲ್ಲ ಆ ಪಂಡಿತನು ತಾನು ಯಾರಿಗೆ ನೆರವಾಗಲು ಬಂದನೋ ಅವರ ನೆರವಿನಲ್ಲಿ ಬದುಕಬೇಕು. ದೃಷ್ಟಿಯನ್ನು ಬದಲಿಸುವುದು ಪರರ ದುಃಖದ ದರ್ಶನವಲ್ಲ. ದುಃಖದರ್ಶನ ನಮ್ಮೂರಿನ ಸರಕಾರಿ ಆಸ್ಪತ್ರೆಯ ಹೊರಜಗಲಿಯಲ್ಲಿಯೇ ಬೇಕಾದಷ್ಟು ಆಗುತ್ತದೆ. ಅದರಿಂದ ನಾವೆಷ್ಟು ಮಂದಿ ಬದಲಾಗಿದ್ದೇವೆ? ಬದಲಾವಣೆ ಬರುವುದು, ಕೊಡಲು ಹೋದ ಕೈ ಪಡೆಯಲು ಚಾಚಿಕೊಳ್ಳಬೇಕಾಗಿ ಬಂದಾಗ.

ಪರದೇಶಕ್ಕೆ ಹೋಗುವುದರಲ್ಲಿ ಒಂದು ವಿಶೇಷ ಪ್ರಯೋಜನವಿದ್ದರೆ ಅದು ಇಲ್ಲಿದೆ. ಊರಿನಲ್ಲಿ ಎಷ್ಟೇ ವಿನಯದಿಂದ ಸೇವೆ ಮಾಡಿದರೂ ಮನೆತನದ ಹೆಸರು, ಜಾತಿ, ಪದವಿ, ತಂದೆಯ ಹೊಲದ ಎಕರೆಗಳು ನಮ್ಮ ಜೊತೆಗೇ ಬರುತ್ತವೆ. ಗೌಡರ ಮಗ ಕಸ ಗುಡಿಸಿದರೆ ಅದು ಗೌಡರ ಮಗ ಗುಡಿಸಿದ ಕಸ. ಅದಕ್ಕೊಂದು ಹೊಗಳಿಕೆ ಕಾದೇ ಇರುತ್ತದೆ. ನಮ್ಮ ಹೆಸರನ್ನು ಸರಿಯಾಗಿ ಉಚ್ಚರಿಸಲೂ ಬಾರದವರ ನಡುವೆ ಈ ಉಡುಪುಗಳೆಲ್ಲ ಕಳಚಿ ಬೀಳುತ್ತವೆ. ಉಳಿಯುವುದು ಎರಡು ಕೈ, ಬಲ್ಲ ಕೆಲಸ, ಮತ್ತು ಅಜ್ಞಾನ.

ಆದರೆ ಇಂದು ಪರದೇಶಕ್ಕೆ ಹೋಗುವ ತರುಣನ ಉಡುಪು ಕಳಚುತ್ತದೆಯೆ? ಬಹಳಷ್ಟು ಸಲ ಇಲ್ಲ. ಅದು ಇನ್ನೂ ದಪ್ಪವಾಗುತ್ತದೆ. ಅವನ ಕೈಯಲ್ಲಿ ಡಾಲರು, ಜೇಬಿನಲ್ಲಿ ಬಲಿಷ್ಠ ದೇಶದ ಪಾಸ್‌ಪೋರ್ಟು, ಮರಳುವ ದಿನ ಮೊದಲೇ ಗೊತ್ತು. ಊರಿನಲ್ಲಿ ಅವನನ್ನು ಯಾವ ಶಾಲೆಯೂ ಒಂದು ತರಗತಿಗೆ ಪಾಠ ಹೇಳಲು ಬಿಡದು. ಅಲ್ಲಿ ಬಂದಿಳಿದ ಮರುದಿನ ಅವನು ಉಪಾಧ್ಯಾಯ. ಕಾಂಬೋಡಿಯದಲ್ಲಿ ಏನಾಯಿತೆಂಬುದನ್ನು ಓದುಗರು ತಿಳಿಯಬೇಕು. ಆ ದೇಶದ ಅನಾಥಾಲಯಗಳ ಸಂಖ್ಯೆ 2005ರಲ್ಲಿ 154 ಇದ್ದುದು 2010ಕ್ಕೆ 269 ಆಯಿತು. ಯುದ್ಧ ಮುಗಿದು ದೇಶ ಚೇತರಿಸಿಕೊಳ್ಳುತ್ತಿದ್ದ ಕಾಲದಲ್ಲಿ ಅನಾಥಾಲಯಗಳು ಹೀಗೆ ಬೆಳೆದದ್ದು ಹೇಗೆ? ಅವುಗಳಲ್ಲಿದ್ದ ಮಕ್ಕಳಲ್ಲಿ ನಾಲ್ಕರಲ್ಲಿ ಮೂರು ಪಾಲಿಗೆ ತಾಯಿಯೋ ತಂದೆಯೋ ಬದುಕಿದ್ದರೆಂದು ಯುನಿಸೆಫ್ ಸಂಸ್ಥೆಯ ನೆರವಿನಿಂದ ನಡೆದ ಪರಿಶೀಲನೆಯಲ್ಲಿ ಹೊರಬಿತ್ತು. ಅಂಕೋರ್ ದೇವಾಲಯಗಳನ್ನು ನೋಡಲು ಬರುವ ಪ್ರವಾಸಿಗರು ಅನಾಥಾಲಯಗಳಿಗೂ ಬರುತ್ತಿದ್ದರು, ಮಕ್ಕಳನ್ನು ಎತ್ತಿಕೊಳ್ಳುತ್ತಿದ್ದರು, ಹಣ ಕೊಡುತ್ತಿದ್ದರು. ಮಕ್ಕಳಿದ್ದಲ್ಲಿ ಹಣ ಬರುತ್ತದೆಂದಾದ ಮೇಲೆ ಬಡವರ ಮನೆಗಳಿಂದ, ಓದಿಸುತ್ತೇವೆಂಬ ಭರವಸೆ ಕೊಟ್ಟು, ಮಕ್ಕಳನ್ನು ತರುವವರೂ ಹುಟ್ಟಿಕೊಂಡರು. ಕರುಣೆ ಬೇಡಿಕೆಯಾಯಿತು, ಬೇಡಿಕೆ ಅನಾಥರನ್ನು ನಿರ್ಮಿಸಿತು. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಮಕ್ಕಳ ಹಕ್ಕುಗಳನ್ನು ಕುರಿತ ನಿರ್ಣಯದಲ್ಲಿ ಅನಾಥಾಲಯಗಳಲ್ಲಿ ನಡೆಯುವ ಇಂಥ ಸ್ವಯಂಸೇವೆಯ ಕೇಡನ್ನು ಹೆಸರಿಸಿ ಹೇಳಬೇಕಾಯಿತು.

ಅಪರಿಚಿತನೊಬ್ಬ ಒಳಗೆ ಕಾಲಿಡುತ್ತಲೇ ಓಡಿಬಂದು ಅಪ್ಪಿಕೊಳ್ಳುವ ಮಗುವನ್ನು ಕಂಡು ಸ್ವಯಂಸೇವಕನ ಹೃದಯ ಕರಗುತ್ತದೆ. ತಾಯಿಯ ಮಡಿಲಲ್ಲಿ ಬೆಳೆದ ಮಗು ಅಪರಿಚಿತರನ್ನು ಕಂಡರೆ ಸೆರಗಿನ ಮರೆಗೆ ಸರಿಯುತ್ತದೆಂಬುದನ್ನು ನಮ್ಮ ಮನೆಗಳಲ್ಲಿ ನಾವು ನೋಡಿಲ್ಲವೆ? ಬಂದವರನ್ನೆಲ್ಲ ಅಪ್ಪುವ ಮಗು, ಹೋದವರಿಂದೆಲ್ಲ ಕೈಬಿಡಲ್ಪಟ್ಟ ಮಗು. ಮೂರು ವಾರದ ಅಕ್ಕರೆಯನ್ನು ಕೊಟ್ಟು ನಾಲ್ಕನೆಯ ವಾರ ಕಣ್ಣೊರಸಿಕೊಂಡು ಹೊರಡುವವನು ಅದರ ಎಣಿಕೆಗೆ ತನ್ನನ್ನೂ ಸೇರಿಸಿ ಹೋಗುತ್ತಾನೆ. ಅವನ ದೃಷ್ಟಿ ಬದಲಾಗಿರಬಹುದು. ಅದಕ್ಕೆ ತೆತ್ತ ಬೆಲೆ ಆ ಮಗುವಿನದು.

ಈ ಮಾತನ್ನು ಅರ್ಧ ಶತಮಾನಕ್ಕೂ ಹಿಂದೆ ಕಟುವಾಗಿ ಆಡಿದವರೊಬ್ಬರಿದ್ದರು. ವಿಯೆನ್ನಾದಲ್ಲಿ ಹುಟ್ಟಿ ಕ್ರೈಸ್ತ ಪಾದ್ರಿಯಾಗಿ ಮೆಕ್ಸಿಕೋದಲ್ಲಿ ನೆಲೆಸಿದ್ದ ಇವಾನ್ ಇಲಿಚ್ 1968ರ ಏಪ್ರಿಲಿನಲ್ಲಿ ಕ್ವೆರ್ನವಾಕ ಎಂಬ ಊರಿನಲ್ಲಿ ಅಮೆರಿಕದ ವಿದ್ಯಾರ್ಥಿ ಸ್ವಯಂಸೇವಕರನ್ನುದ್ದೇಶಿಸಿ ಭಾಷಣ ಮಾಡಿದರು. ಬೇಸಗೆಯಲ್ಲಿ ಮೆಕ್ಸಿಕೋದ ಹಳ್ಳಿಗಳಿಗೆ ಸೇವೆಗೆ ಬರುತ್ತಿದ್ದ ಉತ್ಸಾಹಿಗಳು ಅವರು. ನೀವು ಬನ್ನಿ, ನೋಡಿ, ಕಲಿಯಿರಿ, ಬೆಟ್ಟ ಹತ್ತಿ, ಹೂಗಳನ್ನು ಕಂಡು ಆನಂದಿಸಿ. ಉದ್ಧಾರ ಮಾಡಲು ಮಾತ್ರ ಬರಬೇಡಿ ಎಂಬುದು ಅವರ ಮಾತಿನ ಸಾರ. ಬಡವರ ನಡುವೆ ದುಡಿಯಲೇಬೇಕೆಂದಿದ್ದರೆ, ನಿಮ್ಮ ಭಾಷೆಯಲ್ಲಿಯೇ ನಿಮ್ಮನ್ನು ಗದರಿಸಿ ಹೊರಗಟ್ಟಬಲ್ಲ ನಿಮ್ಮೂರಿನ ಬಡವರ ನಡುವೆ ದುಡಿಯಿರಿ ಎಂದೂ ಅವರು ಹೇಳಿದರು. ಕರೆಸಿಕೊಂಡು ಹೀಗೆ ಹೇಳಿಸಿಕೊಂಡ ಆ ತರುಣರ ಮುಖ ಹೇಗಿದ್ದಿರಬಹುದು!

ಶೂನ್ಯಸಂಪಾದನೆಯನ್ನು ಬಲ್ಲ ಓದುಗರಿಗೆ ಈ ಪ್ರಸಂಗ ಅಪರಿಚಿತವೆನಿಸದು. ಸೊನ್ನಲಿಗೆಯಲ್ಲಿ ಸಿದ್ಧರಾಮರು ಸಾವಿರಾರು ಜನರನ್ನು ಕೂಡಿಸಿಕೊಂಡು ಕೆರೆ ತೋಡಿಸುತ್ತಿದ್ದಾಗ ಅಲ್ಲಮಪ್ರಭುಗಳು ಅಲ್ಲಿಗೆ ಬಂದು, ಆ ಮಹಾಯೋಗಿಯನ್ನು ಮಣ್ಣು ಅಗೆಯುವ ವೊಡ್ಡನೆಂದು ಕೂಗಿ ಕರೆದರು. ಕೆಲಸಗಾರರು ಕಲ್ಲು ಬೀರಿದರು, ಸಿದ್ಧರಾಮರು ಸಿಟ್ಟಾದರು. ಕೊನೆಗೆ ಆ ಸಂವಾದದಿಂದ ಅವರ ಕಣ್ಣು ತೆರೆದು ಕಲ್ಯಾಣದ ದಾರಿ ಹಿಡಿದರು. ಪ್ರಭುಗಳಿಗೆ ಕೆರೆಯ ಮೇಲೆ ಕೋಪವಿರಲಿಲ್ಲ. ಕೆರೆ ಲೋಕಕ್ಕೆ ಬೇಕಾದುದೇ. ಸೊಲ್ಲಾಪುರದಲ್ಲಿ ಅದು ಇಂದಿಗೂ ಇದೆ. ತೋಡಿಸುವವನೊಳಗೆ 'ನಾನು ತೋಡಿಸಿದೆ' ಎಂಬುದು ನಿಂತರೆ, ನೀರಿನ ಜೊತೆಗೆ ಅದೂ ತುಂಬಿಕೊಳ್ಳುತ್ತದೆ ಎಂಬುದು ಅವರ ಆಕ್ಷೇಪ. ಇಲಿಚ್ ಮತ್ತು ಅಲ್ಲಮರನ್ನು ಒಂದೇ ತಕ್ಕಡಿಯಲ್ಲಿಡುವ ಸಾಹಸ ಬೇಡ. ಆದರೆ ಒಳ್ಳೆಯ ಕೆಲಸ ಮಾಡುವವನನ್ನು ಒಳ್ಳೆಯ ಕೆಲಸದ ನಡುವೆಯೇ ತಡೆದು ಕೇಳಬೇಕಾದ ಪ್ರಶ್ನೆಯೊಂದುಂಟೆಂದು ಇಬ್ಬರೂ ಬಲ್ಲವರಾಗಿದ್ದರು.

ಈ ವಿಷಯದಲ್ಲಿ ಮಠದಲ್ಲಿ ಓದಿದವರಿಗೆ ಇತರರಿಗಿಲ್ಲದ ಒಂದು ಅಧಿಕಾರವಿದೆ. ನಾವು ಪಡೆಯುವ ಬದಿಯಲ್ಲಿ ಕುಳಿತವರು. ಪಂಕ್ತಿಯಲ್ಲಿ ತಟ್ಟೆ ಮುಂದಿಟ್ಟುಕೊಂಡು ಕುಳಿತ ಹುಡುಗನ ಕಣ್ಣಿಗೆ ಬಡಿಸುವವರ ಮುಖಕ್ಕಿಂತ ಮೊದಲು ಬಡಿಸುವ ಕೈ ಕಾಣುತ್ತದೆ. ಜಯಂತಿಯ ದಿನ ದೂರದ ಪಟ್ಟಣದಿಂದ ಬಂದ ಶ್ರೀಮಂತರು ತಾವೇ ಹೋಳಿಗೆ ಬಡಿಸಿದ್ದುಂಟು. ಬಡಿಸುವಾಗ ಅವರ ದೃಷ್ಟಿ ನಮ್ಮ ತಟ್ಟೆಯ ಮೇಲಿತ್ತೋ ಛಾಯಾಚಿತ್ರ ತೆಗೆಯುವವನ ಮೇಲಿತ್ತೋ ಎಂಬುದನ್ನು ಹತ್ತು ವರ್ಷದ ಹುಡುಗರೂ ಬಲ್ಲವರಾಗಿದ್ದರು. ಹಾಗೆಯೇ, ದಿನವೂ ಸಾರು ಬಡಿಸುತ್ತಿದ್ದ ಅಡುಗೆಮನೆಯ ಮುದುಕ, ಯಾವ ಹುಡುಗನಿಗೆ ಜ್ವರ ಬಂದು ಹೋಗಿದೆ, ಯಾರು ಮನೆಯ ನೆನಪಿನಿಂದ ಉಣ್ಣುತ್ತಿಲ್ಲ ಎಂದು ತಿಳಿದು ಒಂದು ಮಾತೂ ಆಡದೆ ಇನ್ನೊಂದು ಸೌಟು ಹಾಕುತ್ತಿದ್ದುದೂ ಉಂಟು. ಇಬ್ಬರೂ ಕೊಟ್ಟದ್ದು ಅನ್ನವೇ. ಶ್ರೀಮಂತರ ಹೋಳಿಗೆ ರುಚಿಯಾಗಿತ್ತೆಂಬುದನ್ನು ಒಪ್ಪಲೇಬೇಕು. ಆದರೆ ಯಾರ ಮುಂದೆ ನಾವು ಬಡವರಾಗಿದ್ದೆವು, ಯಾರ ಮುಂದೆ ಬರೀ ಹುಡುಗರಾಗಿದ್ದೆವು ಎಂಬ ವ್ಯತ್ಯಾಸ ನಾಲಿಗೆಗಿಂತ ಆಳದಲ್ಲಿ ಉಳಿದಿದೆ. ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ನಾವು ಶಾಸ್ತ್ರದಿಂದ ಕಲಿತವರಲ್ಲ. ಕಾಂಬೋಡಿಯದ ಮಗುವಿನ ಕಣ್ಣು ನಮ್ಮ ಆ ಕಣ್ಣೇ ಎಂದು ನೆನೆದರೆ ಪ್ರಶ್ನೆ ಅರ್ಧ ಬಿಡಿಸಿದಂತೆ.

ಹಾಗಿದ್ದರೆ ಯಾರೂ ಎಲ್ಲಿಗೂ ಹೋಗಬಾರದೆ? ಹಾಗೆ ಹೇಳಿದರೆ ಅದು ಕೈಕಟ್ಟಿ ಕುಳಿತವರ ತತ್ತ್ವವಾದೀತು. 1934ರ ಜನವರಿಯಲ್ಲಿ ಬಿಹಾರದಲ್ಲಿ ಭೀಕರ ಭೂಕಂಪವಾದಾಗ ಪಿಯರೆ ಸೆರೆಸೋಲ್ ಎಂಬ ಸ್ವಿಟ್ಜರ್ಲೆಂಡಿನ ಎಂಜಿನಿಯರರು ಕೆಲವೇ ಸಂಗಡಿಗರೊಂದಿಗೆ ಬಂದು, ನೀರು ನಿಲ್ಲುವ ತಗ್ಗಿನ ಹಳ್ಳಿಗಳನ್ನು ಎತ್ತರದ ನೆಲಕ್ಕೆ ಸಾಗಿಸುವ ಕೆಲಸದಲ್ಲಿ ಸಲಿಕೆ ಹಿಡಿದು ದುಡಿದರು. ಅವರ ತಂದೆ ಸ್ವಿಟ್ಜರ್ಲೆಂಡಿನ ರಾಷ್ಟ್ರಾಧ್ಯಕ್ಷರಾಗಿದ್ದವರು. ಲೆಕ್ಕ ಹಾಕಿದರೆ, ಅವರ ಹಡಗಿನ ಖರ್ಚಿನಲ್ಲಿ ಬಿಹಾರದ ಎಷ್ಟೋ ಕೂಲಿಗಳಿಗೆ ಕೆಲಸ ಕೊಡಬಹುದಿತ್ತೆಂದು ಯಾರಾದರೂ ಹೇಳಿಯಾರು. ಹೇಳುವುದು ಸರಿಯೇ. ಆದರೆ ಬಿಳಿಯನೆಂದರೆ ಕುದುರೆಯ ಮೇಲಿನ ಅಧಿಕಾರಿಯೆಂದಷ್ಟೇ ಅರಿತಿದ್ದ ರೈತನ ಪಕ್ಕದಲ್ಲಿ ನಿಂತು, ಅದೇ ಬಿಸಿಲಿನಲ್ಲಿ ಮಣ್ಣು ಹೊತ್ತ ಬಿಳಿಯನು ಕೂಲಿಯ ಲೆಕ್ಕಕ್ಕೆ ಸಿಗುವುದಿಲ್ಲ. ಅವರು ಊರನ್ನು ನಡೆಸಲು ಬಂದವರಲ್ಲ. ಆ ನಾಡಿನವರೇ ನಡೆಸುತ್ತಿದ್ದ, ರಾಜೇಂದ್ರಪ್ರಸಾದರಂಥವರ ಮುಖಂಡತ್ವದ ಪರಿಹಾರಕಾರ್ಯದೊಳಗೆ ಒಂದು ಸಲಿಕೆಯಾಗಿ ಸೇರಿದವರು.

ಆದುದರಿಂದ, ಮೊಮ್ಮಗಳು ಹೋಗುತ್ತೇನೆಂದಾಗ ಬೇಡವೆನ್ನುವ ಅಗತ್ಯವಿಲ್ಲ. ಅಲ್ಲಿ ನಿನ್ನನ್ನು ಕರೆದವರು ಯಾರು ಎಂದು ಕೇಳಿರಿ. ಹಣ ಪಡೆದು ಕಳುಹಿಸುವ ಸಂಸ್ಥೆಯೋ, ನೆರವು ಬೇಕಾದ ಜನರೋ? ನಿನ್ನ ಕೆಲಸ ಸರಿಯಿಲ್ಲದಿದ್ದರೆ ಸಾಕು, ಹೋಗು ಎನ್ನುವ ಅಧಿಕಾರ ಅವರಿಗುಂಟೆ ಎಂದು ಕೇಳಿರಿ. ಬರುವ ವಿದ್ಯೆಯೊಂದೂ ಇಲ್ಲದಿದ್ದರೆ ಇಲಿಚ್ ಹೇಳಿದಂತೆ ಕಲಿಯುವವಳಾಗಿ ಹೋಗಲಿ. ಅದಕ್ಕೆ ಸೇವೆಯೆಂಬ ಹೆಸರು ಬೇಡ. ಮಕ್ಕಳ ಬಳಿಗೆ ಮೂರು ವಾರಕ್ಕೆ ಹೋಗುವುದಾದರೆ ಮಾತ್ರ ಸ್ಪಷ್ಟವಾಗಿ ಬೇಡವೆನ್ನಿರಿ. ಭಾಷೆ ಕಲಿಯಲು ಎಷ್ಟು ತಿಂಗಳು ಬೇಕೋ ಅಷ್ಟಾದರೂ ಇರಲು ಬಾರದವಳು ಅಲ್ಲಿ ಯಾರ ದುಃಖವನ್ನೂ ಕೇಳಲಾರಳು, ನೋಡಬಲ್ಲಳಷ್ಟೆ. ಇನ್ನು ದೃಷ್ಟಿಯ ಬದಲಾವಣೆ. ಅದನ್ನು ಬಯಸಿ ಹೋದವನಿಗೆ ಅದು ದಕ್ಕುವುದಿಲ್ಲವೆಂದು ತೋರುತ್ತದೆ. ಬಯಸಿದ ಕ್ಷಣವೇ ಎದುರಿನ ಮನುಷ್ಯ ಅವನ ಸಾಧನೆಯ ಸಾಮಗ್ರಿಯಾಗುತ್ತಾನೆ. ಕೋಟ್ನೀಸರು ತಮ್ಮನ್ನು ತಿದ್ದಿಕೊಳ್ಳಲು ಚೀನಕ್ಕೆ ಹೋಗಿರಲಿಲ್ಲ. ಗಾಯಕ್ಕೆ ಹೊಲಿಗೆ ಹಾಕಲು ಹೋಗಿದ್ದರು.

ಆ ಐವರಲ್ಲಿ ಕೊನೆಯವರಾಗಿ ಸ್ವದೇಶಕ್ಕೆ ಮರಳಿದವರು ಕಲ್ಕತ್ತೆಯ ಡಾ. ಬಿಜಯ ಕುಮಾರ ಬಸು. ಅವರು 1943ರಲ್ಲಿ ಬಂದರು. ಪಾಶ್ಚಾತ್ಯ ವೈದ್ಯವನ್ನು ಹೊತ್ತು ಚೀನಕ್ಕೆ ಹೋಗಿದ್ದ ಆ ವೈದ್ಯರು 1958ರಲ್ಲಿ ಮತ್ತೊಮ್ಮೆ ಅಲ್ಲಿಗೆ ಹೋದರು. ಈ ಬಾರಿ ಚಿಕಿತ್ಸೆ ಕೊಡಲು ಅಲ್ಲ, ಅಲ್ಲಿಯ ಹಳೆಯ ಸೂಜಿಚಿಕಿತ್ಸೆಯನ್ನು ಕಲಿಯಲು. ಕಲಿತು ಬಂದು ಕಲ್ಕತ್ತೆಯಲ್ಲಿ ಆ ಸೂಜಿಗಳಿಂದ ರೋಗಿಗಳಿಗೆ ಚಿಕಿತ್ಸೆ ಆರಂಭಿಸಿದರು. ನಮ್ಮ ದೇಶದಲ್ಲಿ ಆಕ್ಯುಪಂಕ್ಚರ್ ಬೇರೂರಿದ್ದು ಹಾಗೆ.